ಒಂದು ಹಲ್ಲು ಕಡಿಮೆ

ತಿರುಗಣಿ ಬಂದ ಮೇಲೆ ನಮ್ಮ ಓಣಿಯಲ್ಲಿ ನೋವನ್ನು ಹಲ್ಲಿನ ಲೆಕ್ಕದಲ್ಲಿ ಹೇಳುವುದು ರೂಢಿಯಾಯಿತು. ತಲೆ ಮೂರು ಹಲ್ಲು ಹಿಡಿದಿದೆ ಎಂದರೆ ಚಹಾ ಕುಡಿದು ಮಗ್ಗಕ್ಕೆ ಕೂರಬಹುದು. ಆರು ಹಲ್ಲು ಎಂದರೆ ಚಾಪೆ ಹಾಸಬೇಕು. ಕನ್ಯೆ ನೋಡಲು ಬಂದವರು ಹುಡುಗಿಯ ತಾಯಿಯನ್ನು ಒಳಗೆ ಕರೆದು, ತಿಂಗಳ ದಿನಗಳಲ್ಲಿ ಇವಳು ಎಷ್ಟು ಹಲ್ಲು ತಿರುವುತ್ತಾಳೆ ಎಂದು ಕೇಳಿದ್ದೂ ಉಂಟು. ಮಕ್ಕಳು ಬಿದ್ದು ಮೊಣಕಾಲು ತರಚಿಕೊಂಡರೆ ಅಳುವ ಮೊದಲು ನಂಬರು ಹೇಳುತ್ತಿದ್ದವು.

ಆರೋಗ್ಯ ಕೇಂದ್ರದವರು ಅದಕ್ಕೆ ಕ್ಷೇಮಮಾಪಕ ಎಂದು ಹೆಸರಿಟ್ಟಿದ್ದರು. ಅಂಗೈ ಅಗಲದ, ಹಲ್ಲುಹಲ್ಲಾಗಿ ತಿರುಗುವ ಹಿತ್ತಾಳೆ ಬಣ್ಣದ ಬಿಲ್ಲೆ. ಪ್ರತಿ ಮನೆಯ ನಡುಮನೆ ಗೋಡೆಗೆ ಎದೆಯ ಎತ್ತರದಲ್ಲಿ ಕೂರಿಸಿದ್ದರು. ಗಂಡಸರಿಗೆ ಮಗ್ಗದ ಶೆಡ್ಡಿನಲ್ಲಿ ಬೇರೆ ಇತ್ತು. ಬೆಳಿಗ್ಗೆ ಎದ್ದು ಮುಖ ತೊಳೆದು ಬಿಲ್ಲೆಯ ಮೇಲೆ ಬೆರಳಿಟ್ಟರೆ ಯಾರ ಬೆರಳು ಎಂದು ಗುರುತಿಸುತ್ತದೆ. ಆಮೇಲೆ ಇವತ್ತು ನೋವು ಎಷ್ಟಿದೆಯೋ ಅಷ್ಟು ತಿರುವಬೇಕು, ಸೊನ್ನೆಯಿಂದ ಹತ್ತರವರೆಗೆ. ಒಂದೊಂದು ಹಲ್ಲಿಗೂ ಟಕ್ ಎಂದು ಸದ್ದಾಗುತ್ತದೆ. ಕಣ್ಣು ಮಂಜಾದ ಹಿರಿಯರಿಗೂ ಎಷ್ಟಾಯಿತೆಂದು ತಿಳಿಯಲಿ ಎಂದು ಆ ಸದ್ದನ್ನು ಬೇಕೆಂದೇ ಜೋರಾಗಿ ಇಟ್ಟಿದ್ದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವವರಿಗೂ ಅದು ಕೇಳುತ್ತಿತ್ತು. ತಿರುವುತ್ತಿರುವಾಗ ಬಿಲ್ಲೆ ಸುಮ್ಮನೆ ಬೆರಳಿನ ನಾಡಿಯನ್ನೂ ಮೈಶಾಖವನ್ನೂ ಓದಿಕೊಳ್ಳುತ್ತಿತ್ತು.

ನೇಕಾರಪೇಟೆಯ ಏಳೆಂಟು ಓಣಿಗಳಿಗೆ ವೈದ್ಯರು ಒಬ್ಬರೇ, ಡಾಕ್ಟರ್ ಶೀಲಾ ಹಂಚಿನಮನಿ. ಎದೆಯೊಳಗೆ ಹೊಟ್ಟೆಯೊಳಗೆ ನೋಡುವ ಯಂತ್ರಗಳಿದ್ದ ಪರೀಕ್ಷಾ ಗಾಡಿಯೂ ಒಂದೇ. ತಿರುಗಣಿಗಳಿಂದ ಬಂದ ಅಂಕಿಗಳನ್ನು ಕೇಂದ್ರದ ಕಂಪ್ಯೂಟರ್ ಜೋಡಿಸಿ, ಇವತ್ತು ಗಾಡಿ ಯಾರ ಮನೆಗೆ ಮೊದಲು ಹೋಗಬೇಕೆಂದು ಹೇಳುತ್ತಿತ್ತು.

ಮೊದಲ ವರ್ಷ ಅದು ನಾಡಿಯನ್ನೇ ನಂಬುತ್ತಿತ್ತು. ಒಲೆಯ ಮುಂದಿನಿಂದ ಎದ್ದು ಬಂದವಳ ನಾಡಿಯೂ ಓಡುತ್ತದೆ, ಗಂಡನ ಜೊತೆ ಜಗಳ ಮುಗಿಸಿ ಬಂದವಳದ್ದೂ ಓಡುತ್ತದೆ. ಗಾಡಿ ಬೇಡವೆಂದವರ ಬಾಗಿಲಲ್ಲಿ ನಿಂತು, ಓಣಿಯೆಲ್ಲ ನೆರೆದು, ಇವಳಿಗೇನು ರೋಗ ಎಂದು ಕತೆ ಕಟ್ಟಿದ್ದಾಯಿತು. ಆಗ ಓಣಿ ಸಭೆ ಸೇರಿ ಒಂದು ನಿಯಮ ಮಾಡಿತು. ಮನುಷ್ಯರ ಸ್ವಂತ ಮಾತೇ ದೊಡ್ಡದು, ನಾಡಿ ಎರಡನೆಯದು. ತಾನಾಗಿ ಸೊನ್ನೆ ಎಂದವರ ಮನೆಗೆ ಗಾಡಿ ಹೋಗಕೂಡದು. ಆ ಸಭೆಯಲ್ಲಿ ನಾನೂ ಕೈ ಎತ್ತಿದ್ದೆ. ಈಗಲೂ ಅದು ತಪ್ಪು ನಿಯಮ ಎಂದು ನನಗೆ ಅನ್ನಿಸುವುದಿಲ್ಲ.

ಅದೇ ಸಭೆಯಲ್ಲಿ ಇನ್ನೊಂದು ಮಾತೂ ಆಯಿತು. ಅಂಕಿಗಳು ನಮ್ಮವು, ಅವನ್ನು ಪ್ರಶ್ನೆ ಕೇಳಲು ನಮಗೂ ಬರಬೇಕು. ಪ್ರತಿ ಓಣಿಯಿಂದ ಒಬ್ಬರಾದರೂ ಸಂಜೆ ತರಗತಿಗೆ ಹೋಗಿ ಪ್ರೋಗ್ರಾಮ್ ಬರೆಯಲು ಕಲಿಯಬೇಕು. ನಮ್ಮ ಓಣಿಯಿಂದ ಯಾರೂ ಮುಂದೆ ಬರಲಿಲ್ಲ. ಪಿಯುಸಿ ಮುಗಿಸಿದವಳು ಎಂಬ ಒಂದೇ ಕಾರಣಕ್ಕೆ ದಾನೇಶ್ವರಿ ಎಂದು ನನ್ನ ಹೆಸರು ಬರೆದರು. ನನಗೆ ಬರುವುದಿಲ್ಲ ಎಂದು ಮನೆಯಲ್ಲಿ ಹೇಳಿದೆ. ಅತ್ತೆ ತುಂಗವ್ವ ನೂಲು ಸುತ್ತುತ್ತಲೇ, ಬರುವವರು ಯಾಕೆ ಕಲಿಯಲು ಹೋಗುತ್ತಾರೆ, ಬರದವರೇ ಹೋಗಬೇಕು ಎಂದರು. ಸಂಜೆಯ ರೊಟ್ಟಿಯನ್ನು ಕಸ್ತೂರಿ ನೋಡಿಕೊಳ್ಳುತ್ತಾಳೆ ಎಂದೂ ಸೇರಿಸಿದರು.

ಕಸ್ತೂರಿ ನನ್ನ ಮೈದುನನ ಹೆಂಡತಿ. ಬಾಣಂತನ ಮುಗಿಸಿ, ಮೂರು ತಿಂಗಳ ಹೆಣ್ಣುಕೂಸಿನೊಂದಿಗೆ ತವರಿನಿಂದ ಆಗಷ್ಟೇ ಬಂದಿದ್ದಳು. ಅವಳ ಮೇಲೆ ನನ್ನ ಪಾಲಿನ ರೊಟ್ಟಿ ಹೊರಿಸಿ ಹೋಗುವುದು ನನಗೆ ಸರಿ ಕಾಣಲಿಲ್ಲ. ಆದರೆ ಅವಳು ನಕ್ಕು, ಯಕ್ಕಾ, ನೀವು ಕಲಿತು ಬಂದು ನನಗೂ ಹೇಳಿಕೊಡಿ ಎಂದಳು.

ತರಗತಿ ನಡೆಯುತ್ತಿದ್ದದ್ದು ಕೇಂದ್ರದ ನಿಯಂತ್ರಣ ಕೋಣೆಯಲ್ಲೇ. ಒಂದು ಗೋಡೆಯ ತುಂಬ ಪರದೆ. ಅದರಲ್ಲಿ ಓಣಿಗಳ ನಕ್ಷೆ, ಮನೆಗೊಂದು ಚುಕ್ಕಿ. ನೋವು ಹೆಚ್ಚಿದ್ದ ಮನೆ ಕೆಂಪು, ಇಲ್ಲದ್ದು ಹಸಿರು. ಕಲಿಸುತ್ತಿದ್ದವರು ನದಾಫ್ ಸರ್, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಕಲಿಯಲು ಬಂದವರಲ್ಲಿ ಹೆಚ್ಚಿನವರು ಹೆಂಗಸರು. ಜೊತೆಗೆ ಪರೀಕ್ಷಾ ಗಾಡಿಯ ಡ್ರೈವರ್ ಮಹಾಂತೇಶ ಹೂಗಾರ. ದಿನವೂ ಎಲ್ಲಿಗೆ ಓಡಿಸಬೇಕೆಂದು ನನಗೆ ಹೇಳುವವನ ತಲೆಯಲ್ಲಿ ಏನಿದೆ ಎಂದು ನೋಡಲು ಬಂದೆ ಎನ್ನುತ್ತಿದ್ದ.

ನದಾಫ್ ಸರ್ ಮೊದಲ ಪಾಠದಲ್ಲಿ ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಯಾವುದೇ ಮಾಹಿತಿಯನ್ನು ಯಂತ್ರಕ್ಕೆ ಕೊಡುವ ಮೊದಲು ಅದು ಯಾವ ಜಾತಿಯದು ಎಂದು ಕೇಳಿಕೊಳ್ಳಬೇಕು ಎಂದರು. ಎಣಿಸಿದ್ದು ಪೂರ್ಣಾಂಕ: ಮನೆಯಲ್ಲಿ ಎಷ್ಟು ಜನ. ಅಳೆದದ್ದು ದಶಮಾಂಶ: ಮೈಶಾಖ ಎಷ್ಟು. ಹೆಸರು, ವಿಳಾಸ ಇವೆಲ್ಲ ಪಠ್ಯ. ಕೆಲವಕ್ಕೆ ಹೌದು ಅಥವಾ ಅಲ್ಲ ಎಂದಷ್ಟೇ ಉತ್ತರ. ಕೊನೆಯದು ಖಾಲಿ. ಖಾಲಿ ಎಂದರೆ ಸೊನ್ನೆಯಲ್ಲ, ಉತ್ತರವೇ ಬಂದಿಲ್ಲ ಎಂದು ಅರ್ಥ. ಕರೆಗೆ ಓಗೊಡದವನನ್ನು ಮನೆಯಲ್ಲಿಲ್ಲ ಎಂದು ಬರೆದುಕೊಳ್ಳಬೇಡಿ ಎಂದರು.

ಆಮೇಲೆ ಕೇಳಿದರು. "ಹದಿನೇಳನೇ ನಂಬರಿನ ಬಸ್ಸಿಗೆ ಹನ್ನೊಂದನೇ ನಂಬರಿನ ಬಸ್ಸು ಕೂಡಿಸಿದ್ರ ಏನಾತು?"

"ಎರಡೂ ಲೇಟಾತು, ಸರ್" ಎಂದ ಮಹಾಂತೇಶ.

ಎಲ್ಲರೂ ನಕ್ಕರು. ಸರ್ ಕೂಡ ನಕ್ಕು, ಅವನು ಹೇಳಿದ್ದೇ ಸರಿ ಎಂದರು. ಬಸ್ಸಿನ ನಂಬರು ಅಂಕಿಯ ವೇಷ ಹಾಕಿಕೊಂಡ ಹೆಸರು. ಅದನ್ನು ಕೂಡಿಸಬಾರದು, ಕಳೆಯಬಾರದು, ಸರಾಸರಿ ತೆಗೆಯಬಾರದು. ಆದರೆ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ, ಮಾಡು ಎಂದರೆ ಮಾಡಿಬಿಡುತ್ತದೆ. ನಾಚಿಕೆ ಪಡಬೇಕಾದವರು ನಾವು.

ನಾನು ಎರಡನೇ ವಾರದಲ್ಲೇ ನಾಚಿಕೆ ಪಟ್ಟೆ. ಓಣಿಯ ನೋವನ್ನು ಕೂಡಿಸು ಎಂದು ಬರೆಯಲು ಹೋಗಿ ಮನೆ ನಂಬರುಗಳ ಸರಾಸರಿ ತೆಗೆದಿದ್ದೆ. ಅದನ್ನು ತಿದ್ದಿದ ಮೇಲೆ ಹಲ್ಲಿನ ಅಂಕಿಗಳನ್ನು ಪಠ್ಯವೆಂದು ಓದಿಸಿದೆ. ಮೂರಕ್ಕೆ ನಾಲ್ಕು ಕೂಡಿಸು ಎಂದರೆ ಯಂತ್ರ ಎರಡನ್ನೂ ಅಕ್ಕಪಕ್ಕ ಅಂಟಿಸಿ ಮೂವತ್ತನಾಲ್ಕು ಎಂದಿತು. ಇಡೀ ಓಣಿಯನ್ನು ಕೂಡಿಸಿದಾಗ ಪರದೆಯ ಆ ತುದಿಯಿಂದ ಈ ತುದಿಯವರೆಗೆ ಒಂದೇ ಅಂಕಿ ಬಂತು. ಇಷ್ಟು ನೋವಿರುವ ಓಣಿಗೆ ಗಾಡಿ ಬೇಡ, ಚಟ್ಟವೇ ಸಾಕು ಎಂದು ಮಹಾಂತೇಶ ಅಂದ. ನನಗೆ ನಗು ಬರಲಿಲ್ಲ. ಮನೆಯಲ್ಲಿ ಕೂಸಿನ ತಾಯಿಗೆ ಕೆಲಸ ಹೊರಿಸಿ ಬಂದು ನಾನು ಇಲ್ಲಿ ಮಾಡುತ್ತಿರುವುದು ಇದೇ ಏನು ಎಂದು ಸಂಕಟವಾಯಿತು.

ಆದರೂ ಬಿಡಲಾಗಲಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲಿ ಒಂದು ರುಚಿ ಇತ್ತು. ಮಗ್ಗದಲ್ಲಿ ಎಳೆ ಕಡಿದರೆ ಬಟ್ಟೆಯ ಮೇಲೆ ಬೆರಳಾಡಿಸಿ ಹುಡುಕುವ ಹಾಗೆ ಸಾಲಿನಿಂದ ಸಾಲಿಗೆ ಹೋಗಬೇಕು. ಬೆರಳಿಗೆ ಸಿಕ್ಕಿತೆಂದರೆ ಸಿಕ್ಕಿತು.

ತರಗತಿಯ ಕೊನೆಗೆ ಪ್ರತಿಯೊಬ್ಬರೂ ತಮ್ಮ ಓಣಿಯ ಅಂಕಿಗಳಿಗೆ ಒಂದು ಪ್ರಶ್ನೆ ಕೇಳಬೇಕಿತ್ತು. ವಾರದಲ್ಲಿ ಯಾವ ದಿನ ನಮ್ಮ ಓಣಿಗೆ ನೋವು ಹೆಚ್ಚು ಎಂಬುದು ನನ್ನ ಪ್ರಶ್ನೆ. ನನ್ನ ಪ್ರೋಗ್ರಾಮಿನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಹಾಗಾಗಿ ಮೊದಲು ನನಗೆ ಗೊತ್ತಿರುವ ಮನೆಯ ಮೇಲೆ ಓಡಿಸಿ ನೋಡೋಣ ಎಂದು ನಮ್ಮ ಮನೆಯ ಸಾಲುಗಳನ್ನು ಮಾತ್ರ ತೆಗೆದೆ. ಮೊದಲು ಬೆರಳಿಟ್ಟವರು, ಆಮೇಲಿನವರು, ಕೊನೆಯವರು ಎಂಬ ಕ್ರಮದಲ್ಲಿ ಬಂತು. ಐದು, ನಾಲ್ಕು, ಮೂರು. ಮರುದಿನ ನಾಲ್ಕು, ಮೂರು, ಎರಡು. ಆಮೇಲೆ ಮತ್ತೆ ಐದು, ನಾಲ್ಕು, ಮೂರು. ಪರದೆಯ ತುಂಬ ಮೆಟ್ಟಿಲುಗಳೇ.

ನನ್ನ ಪ್ರೋಗ್ರಾಮಿನಲ್ಲಿ ಎಲ್ಲೋ ತಪ್ಪಾಗಿದೆ, ಸಾಲು ದಾಟಿದಂತೆಲ್ಲ ಒಂದೊಂದು ಕಳೆಯುತ್ತಿದೆ ಎಂದುಕೊಂಡೆ. ನೋವು ಎಲ್ಲಾದರೂ ಹೀಗೆ ಪಂಕ್ತಿಯಲ್ಲಿ ಕೂರುತ್ತದೆಯೇ. ಅವತ್ತಿನ ಸಂಜೆಯೆಲ್ಲ ಆ ಕಳೆಯುವ ಲೆಕ್ಕವನ್ನು ಹುಡುಕಿದೆ. ಸಿಗಲಿಲ್ಲ. ನದಾಫ್ ಸರ್ ಕನ್ನಡಕ ಹಣೆಗೇರಿಸಿ ಸಾಲುಸಾಲಾಗಿ ಓದಿದರು. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ಅಂಕಿಗಳು ಬಂದದ್ದೇ ಹೀಗೆ ಎಂದರು. ನನಗೆ ನಂಬಿಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನಡುಮನೆಯಲ್ಲಿ ಎಂದಿನಂತೆ ತುಂಗವ್ವ ಮೊದಲು ಬೆರಳಿಟ್ಟರು. ಅವರ ಮೊಣಕಾಲಿಗೆ ಕೇಂದ್ರದವರು ಸೂಜಿ ಕೊಟ್ಟ ಮೇಲೆ ನೋವು ಇಳಿದಿತ್ತು. ಟಕ್, ಟಕ್. ಎರಡು. ಅವರು ಸೆರಗು ಸರಿಮಾಡಿಕೊಂಡು ಹಿಂದೆ ಸರಿದರು. ನಾನು ಬೆರಳಿಟ್ಟೆ. ನನ್ನ ಸೊಂಟ ಎರಡು ದಿನದಿಂದ ಹಿಡಿದಿತ್ತು. ನೀರಿನ ಕೊಡ ಎತ್ತುವಾಗ ಜೀವ ಹೋಗುತ್ತಿತ್ತು. ಟಕ್. ನನ್ನ ಕೈ ನಿಂತಿತು.

ನಾನು ನಿಲ್ಲಿಸಿರಲಿಲ್ಲ. ಅದಾಗಿಯೇ ನಿಂತಿತ್ತು. ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತಿದ್ದರೆ ನಾವು ನೆಲದ ಮೇಲೆ ಕೂರುವ ಹಾಗೆ, ಅವರ ತಟ್ಟೆಗೆ ಬೀಳುವ ಮೊದಲು ನಮ್ಮ ತಟ್ಟೆಗೆ ತುಪ್ಪ ಬೀಳದ ಹಾಗೆ, ಕೈ ತಾನೇ ತಿಳಿದು ನಿಂತಿತ್ತು. ಹಿರಿಯರಿಗೆ ಎರಡು ಇರುವಾಗ ನನಗೆ ನಾಲ್ಕಿದೆ ಎಂದು ಇಡೀ ಮನೆಗೆ ಕೇಳುವಂತೆ ಟಕಟಕಿಸುವುದು ಹೇಗೆ? ಯಾರೂ ಬೇಡ ಎಂದಿರಲಿಲ್ಲ. ಯಾರೂ ಹಾಗೆ ಮಾಡುತ್ತಲೂ ಇರಲಿಲ್ಲ.

ನನ್ನ ನಂತರ ಕಸ್ತೂರಿ ಬಂದಳು. ಕೂಸನ್ನು ಎಡಗೈಗೆ ಬದಲಿಸಿಕೊಂಡು ಬೆರಳಿಟ್ಟು, ತಿರುವದೆ, ತೆಗೆದಳು. ಸೊನ್ನೆ.

ಅವಳ ಪಾದಗಳನ್ನು ನೋಡಿದೆ. ಕಾಲುಂಗುರ ಬೆರಳೊಳಗೆ ಹೂತಿತ್ತು.

ಅಂದು ಸಂಜೆ ಬೇಗ ಹೋಗಿ ನಮ್ಮ ಮನೆಯ ಸಾಲುಗಳಲ್ಲಿ ನಾಡಿಯ ಅಂಕಿಗಳನ್ನೂ ತೆಗೆದೆ. ಅವು ಬಿಲ್ಲೆ ತಾನೇ ಅಳೆದವು. ಅವಕ್ಕೆ ಅತ್ತೆ ಸೊಸೆ ಗೊತ್ತಿಲ್ಲ. ತುಂಗವ್ವನ ನಾಡಿ ಸಮಾಧಾನವಾಗಿತ್ತು, ನನ್ನದೂ ಹಾಗೆಯೇ. ಕಸ್ತೂರಿಯದು ಅವಳು ಬಂದ ದಿನದಿಂದ ಸ್ವಲ್ಪಸ್ವಲ್ಪವೇ ಏರುತ್ತ ಬಂದಿತ್ತು. ಅದೇ ದಿನಗಳಲ್ಲಿ ಅವಳ ಹಲ್ಲು ಮೂರರಿಂದ ಎರಡಕ್ಕೆ, ಎರಡರಿಂದ ಸೊನ್ನೆಗೆ ಇಳಿದಿತ್ತು. ಎರಡನ್ನೂ ಒಂದೇ ಚಿತ್ರದಲ್ಲಿ ಬರೆಸಿದೆ. ಒಂದು ಗೆರೆ ಮೇಲೆ ಹೋಗುತ್ತಿತ್ತು, ಇನ್ನೊಂದು ಕೆಳಗೆ. ಅತ್ತೆಯ ಮೊಣಕಾಲು ಗುಣವಾದಷ್ಟೂ ಕಸ್ತೂರಿಯ ನೋವು ಕಡಿಮೆಯಾಗುತ್ತ ಬಂದಿತ್ತು.

ಗೋಡೆಯ ನಕ್ಷೆಯಲ್ಲಿ ನಮ್ಮ ಮನೆಯ ಚುಕ್ಕಿ ಹಚ್ಚ ಹಸಿರಾಗಿತ್ತು.

ನದಾಫ್ ಸರ್ ಬಂದ ಮೇಲೆ ತೋರಿಸಿದೆ. ನಾನು ತಪ್ಪಿರಬಹುದು, ಒಂದೇ ಮನೆಯ ಲೆಕ್ಕ ಎಂದು ಮೂರು ಸಲ ಹೇಳಿದೆ. ಅವರು, ಹಾಗಾದರೆ ಎಲ್ಲ ಮನೆಗೂ ಕೇಳು ಎಂದರು. ಒಂದಕ್ಕಿಂತ ಹೆಚ್ಚು ಹೆಂಗಸರಿರುವ ಮನೆಗಳನ್ನು ವಿಂಗಡಿಸಿ, ಆಮೇಲೆ ಬೆರಳಿಟ್ಟವರು ಮೊದಲಿನವರಿಗಿಂತ ಹೆಚ್ಚು ತಿರುವಿದ್ದು ಎಷ್ಟು ಸಲ ಎಂದು ಎಣಿಸಿದೆವು. ಹೌದು, ಅಲ್ಲ, ಇಷ್ಟೇ ಉತ್ತರ ಬರುವ ಪ್ರಶ್ನೆ. ಪರದೆಯ ಮೇಲೆ ಅಲ್ಲ, ಅಲ್ಲ, ಅಲ್ಲ ಎಂದು ಸುರಿಯಿತು. ನಡುವೆ ಎಲ್ಲೋ ಒಂದು ಹೌದು.

"ಆ ಹೌದು ಯಾರ ಮನಿದು?" ಎಂದು ಮಹಾಂತೇಶ ಇಣುಕಿದ. ನೋಡಿ, "ನಮ್ಮ ಮನಿದs. ನನ್ನ ಹೆಂಡತಿ ನಮ್ಮವ್ವಗಿಂತ ಯಾವತ್ತೂ ಒಂದು ಹಲ್ಲು ಹೆಚ್ಚs" ಎಂದ.

ನದಾಫ್ ಸರ್ ನಗಲಿಲ್ಲ.

"ಇದು ಬಸ್ಸಿನ ನಂಬರ್ ಇದ್ದಂಗ ಐತಲ್ಲವ್ವಾ" ಎಂದರು. "ನಾವು ಇದನ್ನ ನೋವು ಅಂತ ತಿಳದು ಕೂಡಿಸಿಕೋತ ಬಂದೀವಿ. ಇದು ಮರ್ಯಾದಿ. ಯಾರು ಮುಂದ, ಯಾರು ಹಿಂದ ಅನ್ನೂದಷ್ಟs ಇದರಾಗ ಐತಿ."

ಡಾಕ್ಟರ್ ಶೀಲಾ ಪಕ್ಕದ ಕೋಣೆಯಲ್ಲೇ ಇದ್ದರು. ಬಂದು ಎರಡು ಗೆರೆಗಳ ಚಿತ್ರ ನೋಡಿದರು. ಅವರು ಕೇಳಿದ ಪ್ರಶ್ನೆಗಳು ನನಗೆ ವಿಚಿತ್ರವೆನಿಸಿದವು. ಕಾಲು ಬಾತಿದೆಯೇ? ಮೆಟ್ಟಿಲು ಹತ್ತಿದರೆ ಏದುತ್ತಾಳೆಯೇ? ಮಲಗುವುದು ಹೇಗೆ? ಮೂರನೆಯದಕ್ಕೂ ಉತ್ತರ ಹೇಳಿದೆ. ಕಸ್ತೂರಿ ಕೂಸನ್ನು ಎದೆಗೆ ಹಾಕಿಕೊಂಡು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಕೂಸಿಗೆ ತೇಗು ಬರಲಿ ಎಂದು ಹಾಗೆ ಮಲಗುತ್ತಾಳೆಂದು ನಾವು ತಿಳಿದಿದ್ದೆವು.

ಹೆರಿಗೆಯ ನಂತರ ಕೆಲವರಿಗೆ ಹೃದಯದ ಸ್ನಾಯು ಬಲ ಕಳೆದುಕೊಳ್ಳುತ್ತದೆ, ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನಾಳೆಯೇ ನೋಡಬೇಕು ಎಂದರು ಡಾಕ್ಟರ್. ತಡವಾದರೆ ಒಂದು ದಿನ ಉಸಿರು ಕಟ್ಟಿ ಬಿದ್ದುಬಿಡಬಹುದು. ಹಾಗಾದರೆ ಗಾಡಿ ಕಳಿಸಿ ಎಂದೆ. ಅವರು ನಿಯಮ ನೆನಪಿಸಿದರು. ಸೊನ್ನೆ ಎಂದವಳ ಬಾಗಿಲಿಗೆ ನಾನಾಗಿ ಬರುವಂತಿಲ್ಲ. ಅವಳು ನಡೆದು ಬಂದರೂ ಸರಿ, ಒಂದು ಹಲ್ಲಾದರೂ ತಿರುವಿ ತನಗೆ ನೋವಿದೆ ಎಂದು ಹೇಳಿದರೂ ಸರಿ. ಅವಳ ಮಾತು ಬೇಕು.

ಮನೆಗೆ ಬಂದು ಕಸ್ತೂರಿಗೆ ಹೇಳಿದೆ. ಅವಳು ಒಲೆಯ ಮುಂದೆ ಕೂತಿದ್ದಳು, ಹಣೆಯಲ್ಲಿ ಬೆವರು. ಎರಡು ರೊಟ್ಟಿ ಬಡಿದು ಉಸಿರು ತೆಗೆದುಕೊಳ್ಳುತ್ತಿದ್ದಳು, ಮತ್ತೆ ಎರಡು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಕೂಸು ಹೆತ್ತವರಿಗೆಲ್ಲ ಕಾಲು ಬಾಯುತ್ತದೆ, ನಮ್ಮವ್ವನೂ ಹಾಗೇ ಹೇಳಿದ್ದಾಳೆ ಎಂದಳು. ತವರಿನಿಂದ ಬಂದು ಎರಡು ತಿಂಗಳಾಗಿಲ್ಲ, ಗಾಡಿ ಬಂದು ಬಾಗಿಲಲ್ಲಿ ನಿಂತರೆ ಓಣಿಯವರು ಏನೆನ್ನುತ್ತಾರೆ? ಬಂದ ಸೊಸೆಯನ್ನು ಈ ಮನೆಯವರು ದುಡಿಸಿ ಮಲಗಿಸಿದರು ಎನ್ನುವುದಿಲ್ಲವೇ? ನಾಳೆ ಮೂರು ಹಲ್ಲಾದರೂ ತಿರುವು ಎಂದು ಬೇಡಿಕೊಂಡೆ. ಅವಳು ನನ್ನ ಮುಖವನ್ನೇ ನೋಡಿದಳು.

"ಅತ್ತಿ ಎರಡು ತಿರುವಿರ್ತಾರ, ಯಕ್ಕಾ. ನೀವು ಒಂದು. ನಾ ಮೂರು ಹೆಂಗ ತಿರುವಲಿ?"

ಉಳಿದದ್ದು ತುಂಗವ್ವನಿಗೆ ಹೇಳುವುದು. ಅದಕ್ಕೆ ನನ್ನಲ್ಲಿ ಧೈರ್ಯವಿರಲಿಲ್ಲ. ಅವರು ಗದರುವವರಲ್ಲ. ನಿಮ್ಮ ಮುಂದೆ ಈ ಮನೆಯಲ್ಲಿ ಯಾರೂ ನಿಜ ಹೇಳುತ್ತಿಲ್ಲ ಎಂದು ಒಬ್ಬರ ಮುಖಕ್ಕೆ ಹೇಳುವುದು ಹೇಗೆ? ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡೆ, ಅಳಿಸಿದೆ, ಮತ್ತೆ ಜೋಡಿಸಿದೆ. ಕೊನೆಗೆ ಅವರು ರಾಟೆಯ ಮುಂದೆ ಕೂತು ಕಂಡಿಕೆ ಕೊಳವೆಗೆ ನೂಲು ಸುತ್ತುತ್ತಿದ್ದಾಗ ಹೋಗಿ ಎದುರಿಗೆ ಕೂತೆ. ಪಕ್ಕದ ಬುಟ್ಟಿಯಿಂದ ನೂಲಿನ ಕಂಡಿಕೆಗಳನ್ನು ತೆಗೆದು ನೆಲದ ಮೇಲೆ ನಿಲ್ಲಿಸಿದೆ. ಇದು ನೀವು ಐದು ತಿರುವಿದ ದಿನ: ನಾನು ನಾಲ್ಕು, ಕಸ್ತೂರಿ ಮೂರು. ಇದು ನಾಲ್ಕರ ದಿನ. ಇದು ಇವತ್ತು.

ಕಂಡಿಕೆಗಳ ಮೆಟ್ಟಿಲು ನೋಡಿ ಅವರ ರಾಟೆ ನಿಂತಿತು. ನಾನು ನಾಡಿಯದ್ದೂ ಡಾಕ್ಟರು ಹೇಳಿದ್ದೂ ಹೇಳಿದೆ.

"ಅಂದ್ರ ನನಗ ಆರಾಮಾದ್ರ ಈ ಮನ್ಯಾಗ ಯಾರಿಗೂ ಬ್ಯಾನಿ ಬರಬಾರದು" ಎಂದರು.

ಅವರು ಕೋಪಗೊಂಡಿರಲಿಲ್ಲ. ಒಂದು ಕಂಡಿಕೆ ಎತ್ತಿ ಬೆರಳಲ್ಲಿ ಉರುಳಿಸುತ್ತ, ತಮ್ಮ ಅತ್ತೆ ಎರಡು ರೊಟ್ಟಿ ತಿಂದ ದಿನ ತಾವು ಒಂದೂವರೆ ತಿನ್ನುತ್ತಿದ್ದುದನ್ನು ಹೇಳಿದರು. ಹಸಿವಿರಲಿಲ್ಲವೇ ಎಂದು ಕೇಳಿದೆ. ಹಸಿವು ಎಲ್ಲಿಗೆ ಹೋಗುತ್ತದೆ ಎಂದರು. ಆಮೇಲೆ ರಾಟೆ ತಿರುಗಿಸತೊಡಗಿದರು. ಏನು ಮಾಡೋಣ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೆಳಿಗ್ಗೆ ತುಂಗವ್ವ ತಿರುಗಣಿಯ ಮುಂದೆ ನಿಂತು ಬೆರಳಿಟ್ಟರು. ಟಕ್, ಟಕ್. ನಿಲ್ಲಲಿಲ್ಲ. ಐದು ದಾಟಿತು. ಕಸ್ತೂರಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಏಳು, ಎಂಟು. ಮಗ್ಗಕ್ಕೆ ಹೊರಟಿದ್ದ ಮೈದುನ ಚಪ್ಪಲಿ ಮೆಟ್ಟುತ್ತಿದ್ದವನು ಅಲ್ಲೇ ನಿಂತ. ಹತ್ತರಲ್ಲಿ ಬಿಲ್ಲೆ ತಡೆಯಿತು. ಅದರಾಚೆ ಹಲ್ಲಿಲ್ಲ. ಆದರೂ ಅವರು ಇನ್ನೊಮ್ಮೆ ಒತ್ತಿ ನೋಡಿದರು.

ನಂತರದ ಸರದಿ ನನ್ನದು. ನನ್ನ ಸೊಂಟದ ನೋವು ನಾಲ್ಕು ಹಲ್ಲಿನದ್ದು. ನಾಲ್ಕು ತಿರುವಿದರೆ ಕಸ್ತೂರಿಯ ಕೈ ಮೂರಕ್ಕೆ ನಿಲ್ಲುತ್ತದೆ. ಒಂಬತ್ತು ತಿರುವಿದರೆ ಸುಳ್ಳು. ತಪ್ಪು ಅಂಕಿ ಬರೆಯಬಾರದೆಂದು ಅಷ್ಟು ವಾರ ಕಲಿತವಳು ನಾನು. ಕೈ ಹಿಂದಕ್ಕೆ ಕಟ್ಟಿಕೊಂಡು ಪಕ್ಕಕ್ಕೆ ಸರಿದೆ. ನನ್ನ ಸಾಲಿನಲ್ಲಿ ಅವತ್ತು ಖಾಲಿ ಇರಲಿ ಎಂದುಕೊಂಡೆ.

ತುಂಗವ್ವ ಕೂಸನ್ನು ಇಸಿದುಕೊಂಡರು.

"ಈಗ ನೀ ಬಾ, ಕಸ್ತೂರಿ. ಜಾಗ ಭಾಳ ಐತಿ."

ಕಸ್ತೂರಿ ಬೆರಳಿಟ್ಟಳು. ಒಂದು. ಎರಡು. ನಮ್ಮಿಬ್ಬರನ್ನೂ ನೋಡಿದಳು. ಅತ್ತೆ ಕೂಸಿನ ಕಡೆ ನೋಡುತ್ತಿದ್ದರು. ಮೂರು, ನಾಲ್ಕು. ಐದು, ಆರು. ಏಳಕ್ಕೆ ನಿಂತಳು. ಆಮೇಲೆ ಗೋಡೆಗೆ ಹಣೆಯಿಟ್ಟು ಹಾಗೇ ನಿಂತುಬಿಟ್ಟಳು. ಅಳುತ್ತಿದ್ದಾಳೆಂದುಕೊಂಡೆ. ಅಳುವುದಕ್ಕೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

ಗಾಡಿ ಬಂತು. ಕಂಪ್ಯೂಟರಿನ ಪಟ್ಟಿಯಲ್ಲಿ ಮೊದಲ ಹೆಸರು ತುಂಗವ್ವನದ್ದಾಗಿತ್ತು. ಎರಡರಿಂದ ಹತ್ತಕ್ಕೆ ಏರಿದವರು ಪೇಟೆಯಲ್ಲಿ ಬೇರಾರೂ ಇರಲಿಲ್ಲ. ಡಾಕ್ಟರ್ ಶೀಲಾ ಒಳಗೆ ಬಂದು, ಎಲ್ಲಿ ನೋವು ಎಂದು ಅವರನ್ನೇ ಕೇಳಿದರು. ನನ್ನ ಸರದಿ ಆಮೇಲೆ, ಮೊದಲು ಇವಳನ್ನು ನೋಡಿ ಎಂದರು ತುಂಗವ್ವ. ಕಸ್ತೂರಿ ಅಂಜುತ್ತಲೇ ಗಾಡಿ ಹತ್ತಿದಳು. ಓಣಿಯವರು ನೆರೆದರು. ಯಾರಿಗೆ ಏನಾಯಿತು ಎಂದು ಕೇಳಿದವರಿಗೆಲ್ಲ ತುಂಗವ್ವ ಕಟ್ಟೆಯ ಮೇಲೆ ಕೂಸು ಆಡಿಸುತ್ತ, ನನಗೆ ಹತ್ತು ಹಲ್ಲು, ನನ್ನನ್ನು ನೋಡಲು ಬಂದಿದ್ದಾರೆ ಎನ್ನುತ್ತಿದ್ದರು.

ಗಾಡಿಯೊಳಗಿನ ಪರದೆಯಲ್ಲಿ ಕಸ್ತೂರಿಯ ಹೃದಯ ಕಾಣಿಸಿತು. ಒದ್ದೆ ಬಟ್ಟೆಯನ್ನು ಶಕ್ತಿಯಿಲ್ಲದ ಕೈ ಹಿಂಡುತ್ತಿರುವಂತಿತ್ತು. ಪೂರ್ತಿ ಹಿಂಡಲಾಗದೆ ಅರ್ಧಕ್ಕೆ ಬಿಡುತ್ತಿತ್ತು. ಇಷ್ಟು ದಿನ ರೊಟ್ಟಿ ಬಡಿದದ್ದು ಹೇಗೆ ಎಂದು ಡಾಕ್ಟರ್ ತಮಗೆ ತಾವೇ ಅಂದುಕೊಂಡರು. ಮಹಾಂತೇಶ ಅಲ್ಲಿಂದಲೇ ಜಿಲ್ಲಾಸ್ಪತ್ರೆಗೆ ಓಡಿಸಿದ.

ಅವತ್ತು ಗಾಡಿ ನಮ್ಮ ಮನೆಗೆ ಬಂದದ್ದರಿಂದ ಪಟ್ಟಿಯಲ್ಲಿ ಎರಡನೆಯವರಾಗಿದ್ದ ಕುಂಬಾರ ಓಣಿಯ ಗಂಗಪ್ಪನವರು ಮಧ್ಯಾಹ್ನದವರೆಗೆ ಹೊಟ್ಟೆ ಹಿಡಿದುಕೊಂಡು ಕಾಯಬೇಕಾಯಿತು. ನಾನು ಅವರ ಮನೆಗೆ ಹೋಗಿ ವಿಚಾರಿಸಿದೆ. ಮೂತ್ರದ ಕಲ್ಲು, ಇಳಿಯಿತು ಎಂದರು. ಇಳಿಯದಿದ್ದರೆ ಎಂಬ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಕಸ್ತೂರಿ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದಳು. ಕೂಸಿಗೆ ಹಾಲುಪುಡಿ ಕಲಸಿ ಕುಡಿಸುವುದು ನನ್ನ ಪಾಲಿಗೆ, ರೊಟ್ಟಿ ಬಡಿಯುವುದು ಮೈದುನನ ಪಾಲಿಗೆ ಬಂತು. ಅವನ ರೊಟ್ಟಿಗೆ ಯಾವ ಆಕಾರವೂ ಇರಲಿಲ್ಲ. ಹೃದಯ ಸ್ವಲ್ಪಸ್ವಲ್ಪವಾಗಿ ಬಲ ಹಿಡಿಯುತ್ತಿದೆ, ಪೂರ್ತಿ ಮೊದಲಿನಂತೆ ಆಗುತ್ತದೋ ಇಲ್ಲವೋ ತಿಂಗಳುಗಳು ಕಳೆಯದೆ ಹೇಳಲಾಗದು ಎಂದರು ಅಲ್ಲಿಯ ವೈದ್ಯರು. ನೋಡಲು ಹೋದಾಗ ಅವಳು ಚಪ್ಪಟೆಯ ಹಾಸಿಗೆಯ ಮೇಲೆ ಅಂಗಾತ ಮಲಗಿ ನಿದ್ದೆ ಮಾಡುತ್ತಿದ್ದಳು. ಎಬ್ಬಿಸದೆ ಬಂದೆವು.

ಹಲ್ಲು ಸೊನ್ನೆಯಿದ್ದು ನಾಡಿ ಏರುತ್ತಿದ್ದ ಬೇರೆ ಮನೆಗಳ ಹೆಸರನ್ನು ಡಾಕ್ಟರ್ ಶೀಲಾ ತೆಗೆದುಕೊಂಡರು. ಸಭೆಯ ಒಪ್ಪಿಗೆ ಪಡೆದು, ಗಾಡಿ ಬಿಟ್ಟು ನಡೆದೇ ಹೋಗಿ, ಹಿರಿಯರನ್ನು ಮಗ್ಗದ ಕಡೆ ಕಳಿಸಿ, ಸೊಸೆಯಂದಿರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿದರು. ಹೆಚ್ಚಿನವರಿಗೆ ಏನೂ ಇರಲಿಲ್ಲ. ಒಬ್ಬಳಿಗೆ ರಕ್ತ ತೀರ ಕಡಿಮೆಯಿತ್ತು. ಓಣಿ ಸಭೆ ಮತ್ತೆ ಸೇರಿತು. ಸದ್ದು ತೆಗೆದುಬಿಡಿ ಎಂದರು ಕೆಲವರು. ಕಣ್ಣು ಕಾಣದವರು ಒಪ್ಪಲಿಲ್ಲ. ಕೊನೆಗೆ ಚಿಕ್ಕವರು ಮೊದಲು ಬೆರಳಿಡಲಿ ಎಂದಾಯಿತು. ಅದು ಬಂದ ಮೇಲಿನ ಅಂಕಿಗಳನ್ನು ನಾನು ನೋಡುತ್ತಿದ್ದೇನೆ. ಈಗ ಹಿರಿಯರು ಒಂದೊಂದು ಹಲ್ಲು ಹೆಚ್ಚು ತಿರುವುತ್ತಿರುವಂತೆ ಕಾಣುತ್ತದೆ. ಅದು ನೋವೋ, ಸ್ಥಾನವೋ, ನನ್ನ ಪ್ರೋಗ್ರಾಮಿನ ತಪ್ಪೋ ಇನ್ನೂ ತಿಳಿದಿಲ್ಲ.

ತರಗತಿಯ ಕೊನೆಯ ಕೆಲಸ ಅಂಕಿಗಳನ್ನು ಹಸನು ಮಾಡುವುದು. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ, ಸಂಶಯವಿರುವ ಪ್ರತಿ ಅಂಕಿಯ ಮುಂದೆ ಸರಿ ಅಥವಾ ತಪ್ಪು ಎಂದು ಗುರುತು ಹಾಕಬೇಕು. ತಪ್ಪು ಎಂದದ್ದು ಮುಂದಿನ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಮನೆಯ ಸಾಲುಗಳಲ್ಲಿ ಯಂತ್ರ ತಾನೇ ಎತ್ತಿ ತೋರಿಸಿದ್ದು ಒಂದೇ ಅಂಕಿ. ತುಂಗವ್ವನ ಹತ್ತು. ಹಿಂದಿನ ದಿನ ಎರಡು, ಮರುದಿನ ಎರಡು, ನಾಡಿ ಎಂದಿನಂತೆ. ಇದು ಕಲ್ಲು, ತೆಗೆಯಬೇಕು ಎಂದರು ನದಾಫ್ ಸರ್. ಅವರ ಮಾತು ಲೆಕ್ಕದ ಪ್ರಕಾರ ಸರಿಯಾಗಿತ್ತು. ತೆಗೆಯುವ ಮೊದಲು ಆ ಅಂಕಿ ಕೊಟ್ಟವರನ್ನು ಕೇಳಬೇಕೆಂದು ಪಾಠದಲ್ಲಿ ಅವರೇ ಹೇಳಿದ್ದರು. ಅದಕ್ಕೆ ಒಂದು ದಿನ ಕೇಳಿಕೊಂಡು ಮನೆಗೆ ಬಂದೆ.

ತುಂಗವ್ವ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದರು.

"ಅತ್ತಿ, ಅವತ್ತು ಹತ್ತು ತಿರುವಿದ್ರಲ್ಲ, ಅದು ಖರೇನ ಇತ್ತೋ ಇಲ್ಲೋ? ನಾ ಬರೀಬೇಕು."

ಅವರ ಕೈ ನಿಲ್ಲಲಿಲ್ಲ. ಕೂಸಿನ ಎದೆಯ ಮೇಲಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಗೆ ಇಳಿಯುತ್ತಿತ್ತು.

"ಹಾಲು ಕುಡಿಯೋ ಕೂಸಿನ ತಾಯಿ ಗ್ವಾಡಿಗೆ ಆತು ಕುಂತು ನಿದ್ದಿ ಮಾಡೂದು ನಾ ದಿನಾ ನೋಡೀನಿ. ನೋಡಿ ಸುಮ್ಮನಿದ್ದೀನಿ" ಎಂದರು. "ಆ ಯಂತ್ರಕ್ಕ ಹತ್ತs ಹಲ್ಲು ಮಾಡ್ಯಾರ. ಇನ್ನೆರಡು ಇದ್ದಿದ್ರ ಅವನ್ನೂ ತಿರುವತಿದ್ದೆ."

ಮರುದಿನ ಸಂಜೆ ಆ ಅಂಕಿಯ ಮುಂದೆ ಸರಿ ಎಂದು ಗುರುತು ಹಾಕಿದೆ. ನದಾಫ್ ಸರ್ ನೋಡಿದರು, ಕಾರಣ ಕೇಳಿದರು, ಹೇಳಿದೆ. ಅವರು ತಿದ್ದಲಿಲ್ಲ.